ಫೇಯನೋರ್ ಹೇಳಿದ ‘ಇಲ್ಲ’

ಟೋಲ್ಕಿನ್ನರ ಕಾಲ್ಪನಿಕ ಜಗತ್ತು ಹುಟ್ಟುವುದು ಸಂಗೀತದಿಂದ. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಸಂಪಾದಿಸಿ ಹೊರತಂದ ‘ದಿ ಸಿಲ್ಮರಿಲಿಯನ್’ ಶುರುವಾಗುವುದೇ ಅಲ್ಲಿಂದ. ಇಲೂವತಾರ್ ಎಂಬ ಏಕದೇವ ತನ್ನ ಮನಸ್ಸಿನಿಂದ ಹುಟ್ಟಿಸಿದ ಐನೂರ್ ಗಣಕ್ಕೆ ಒಂದು ರಾಗವಸ್ತುವನ್ನು ಕೊಟ್ಟು, ನಿಮ್ಮ ನಿಮ್ಮ ಕಲ್ಪನೆ ಸೇರಿಸಿ ಬೆಳೆಸಿ ಎನ್ನುತ್ತಾನೆ. ಅವರಲ್ಲೇ ಹೆಚ್ಚು ಬಲಶಾಲಿಯಾದ ಮೆಲ್ಕೋರ್ ತನ್ನದೇ ರಾಗ ಎತ್ತಿ ಅಪಸ್ವರ ಎಬ್ಬಿಸುತ್ತಾನೆ. ಇಲೂವತಾರ್ ಎರಡನೆಯ ವಸ್ತುವನ್ನು, ಮೂರನೆಯದನ್ನು ಎತ್ತಿಕೊಳ್ಳುತ್ತಾನೆ. ಕೊನೆಗೆ ಗಾಯನವನ್ನೇ ನಿಲ್ಲಿಸಿ, ನನ್ನಲ್ಲಿ ಮೂಲವಿಲ್ಲದ ಸ್ವರವನ್ನು ಯಾರೂ ನುಡಿಸಲಾರರು, ನನ್ನ ವಿರುದ್ಧ ಎದ್ದವನು ನನ್ನ ಕೆಲಸಕ್ಕೇ ಒದಗುತ್ತಾನೆ ಎಂಬರ್ಥದ ಮಾತಾಡುತ್ತಾನೆ.

ಬಂಡಾಯವೂ ದೇವರ ಲೆಕ್ಕದೊಳಗೇ ಬರುವುದಾದರೆ ಬಂಡೆದ್ದವನ ಸ್ವಾತಂತ್ರ್ಯ ಎಲ್ಲಿ ಉಳಿಯಿತು? ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಪುಸ್ತಕದೊಳಗೇ ಇದೆ. ಉಳಿದೆಲ್ಲಕ್ಕೂ ಆ ಸಂಗೀತ ವಿಧಿಯಿದ್ದಂತೆ. ಮನುಷ್ಯರಿಗೆ ಮಾತ್ರ ಅದರಾಚೆಗೆ ತಮ್ಮ ಬದುಕನ್ನು ರೂಪಿಸಿಕೊಳ್ಳುವ ವರ, ಅದರ ಜೊತೆಗೇ ಸಾವು. ನನಗೆ ಈ ಉತ್ತರ ಸಾಲದು. ಇದನ್ನು ಅಕ್ಷರಶಃ ಒಪ್ಪಿದರೆ ಆ ಜಗತ್ತಿನ ಇನ್ನೊಂದು ಕುಲವಾದ ಎಲ್ಫ್‌ಗಳು ಸೂತ್ರದ ಬೊಂಬೆಗಳಾಗುತ್ತಾರೆ. ‘ಸಿಲ್ಮರಿಲಿಯನ್’ ಬಹುಪಾಲು ಎಲ್ಫ್‌ಗಳ ತಪ್ಪುಗಳ ಕಥೆ. ಬೊಂಬೆಗಳ ತಪ್ಪಿಗೆ ಯಾರು ಮರುಗುತ್ತಾರೆ?

ಆದ್ದರಿಂದ ವಾದದ ನಿಜವಾದ ಪರೀಕ್ಷೆ ಒಬ್ಬ ಎಲ್ಫ್‌ನ ಪ್ರಸಂಗದಲ್ಲಿ ನಡೆಯಬೇಕು. ದೇವತೆಗಳ ನಾಡಿಗೆ ಬೆಳಕು ಕೊಡುತ್ತಿದ್ದ ಎರಡು ಮರಗಳನ್ನು ಮೆಲ್ಕೋರ್, ಜೇಡರೂಪದ ಉಂಗೋಲಿಯಂಟಳ ಜೊತೆ ಸೇರಿ ಕೊಲ್ಲುತ್ತಾನೆ. ಆ ಬೆಳಕು ಉಳಿದಿರುವುದು ಫೇಯನೋರ್ ಮಾಡಿದ ಮೂರು ರತ್ನಗಳಲ್ಲಿ ಮಾತ್ರ. ಅವನ್ನು ಕೊಟ್ಟರೆ ಮರಗಳನ್ನು ಬದುಕಿಸಬಲ್ಲೆ ಎನ್ನುತ್ತಾಳೆ ದೇವತೆ ಯವಾನ್ನ. ಅವನ್ನು ಒಡೆದರೆ ತನ್ನ ಎದೆಯೇ ಒಡೆಯುತ್ತದೆ ಎಂದು ಫೇಯನೋರ್ ಹಿಂದೆಗೆಯುತ್ತಾನೆ, ಯೋಚಿಸುತ್ತಾನೆ, ಕೊನೆಗೆ ಸ್ವಇಚ್ಛೆಯಿಂದ ಕೊಡಲಾರೆ ಎನ್ನುತ್ತಾನೆ. ಅಷ್ಟರಲ್ಲಿ ಸುದ್ದಿ ಬರುತ್ತದೆ: ಮೆಲ್ಕೋರ್ ಅವನ ತಂದೆಯನ್ನು ಕೊಂದು ರತ್ನಗಳನ್ನು ಆಗಲೇ ಕದ್ದೊಯ್ದಿದ್ದಾನೆ.

ಅಂದರೆ ಫೇಯನೋರ್ ಹೂಂ ಅಂದಿದ್ದರೂ ಮರಗಳು ಬದುಕುತ್ತಿರಲಿಲ್ಲ. ಕೊಡುವ ವಸ್ತುವೇ ಅವನಲ್ಲಿ ಇರಲಿಲ್ಲ. ಫಲದ ದೃಷ್ಟಿಯಿಂದ ಎರಡು ಉತ್ತರವೂ ಒಂದೇ. ಹಾಗಿದ್ದೂ ನಿರೂಪಕ ಅಲ್ಲಿ ಒಂದು ಕ್ಷಣ ನಿಂತು, ಮೊದಲೇ ಒಪ್ಪಿದ್ದರೆ ಅವನ ಮುಂದಿನ ನಡತೆ ಬೇರೆಯಾಗುತ್ತಿತ್ತೇನೋ ಎಂದು ಸೂಚಿಸಿ ಮುಂದೆ ಹೋಗುತ್ತಾನೆ. ಇಡೀ ಪುಸ್ತಕದಲ್ಲಿ ವಿಧಿಯ ಬಗ್ಗೆ ಇದಕ್ಕಿಂತ ಹರಿತವಾದ ಮಾತು ನನಗೆ ಸಿಕ್ಕಿಲ್ಲ. ರತ್ನಗಳ ಗತಿ ಅವನ ಕೈಯಲ್ಲಿರಲಿಲ್ಲ. ಕೊಡುವವನಾಗಬೇಕೋ ಬಚ್ಚಿಡುವವನಾಗಬೇಕೋ ಎಂಬುದು ಇತ್ತು. ಮುಂದೆ ರತ್ನಗಳನ್ನು ಮರಳಿ ಪಡೆಯುವ ಆಣೆ ಹಾಕಿ, ಹಡಗುಗಳಿಗಾಗಿ ಆಲ್ಕ್ವಲೋಂಡೆ ಬಂದರಿನಲ್ಲಿ ತನ್ನವರನ್ನೇ ಕೊಂದವನು ಬಚ್ಚಿಟ್ಟ ಫೇಯನೋರ್.

ಇದೆಂಥ ಸ್ವಾತಂತ್ರ್ಯ, ಫಲವನ್ನೇ ಮುಟ್ಟದ್ದು ಎಂದು ಕೇಳಬಹುದು. ಮುಟ್ಟುತ್ತದೆ, ತಡವಾಗಿ ಮತ್ತು ಬಳಸುದಾರಿಯಲ್ಲಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಕೊನೆಯಲ್ಲಿ, ನಾಶಮಾಡಲೆಂದೇ ಹೊತ್ತು ತಂದ ಉಂಗುರವನ್ನು ಬೆಂಕಿಗೆಸೆಯಲು ಫ್ರೋಡೋಗೆ ಆಗುವುದೇ ಇಲ್ಲ, ಅವನ ಸಂಕಲ್ಪ ಅಲ್ಲಿ ಸೋಲುತ್ತದೆ. ಅದರ ಆಸೆಗೇ ಬೆನ್ನುಹತ್ತಿ ಬಂದು ಉಂಗುರವನ್ನು ಕಚ್ಚಿ ಕಿತ್ತುಕೊಂಡ ಗೋಲಮ್ ಅದರೊಂದಿಗೇ ಬೆಂಕಿಗೆ ಬೀಳುತ್ತಾನೆ. ಬಿದ್ದದ್ದನ್ನು ದೈವ ಅನ್ನಿ. ಆದರೆ ಆ ಗಳಿಗೆಗೆ ಗೋಲಮ್ ಜೀವಂತ ಇದ್ದದ್ದು ಹಿಂದೆ ಉಂಗುರ ಹೊತ್ತಿದ್ದ ಬಿಲ್ಬೋ, ಆಮೇಲೆ ಫ್ರೋಡೋ, ಕೊಲ್ಲಬಹುದಾಗಿದ್ದಾಗ ಕೊಲ್ಲದೆ ಬಿಟ್ಟದ್ದರಿಂದ.

ನಮ್ಮ ಓದುಗರಿಗೆ ಇಲ್ಲಿ ಕರ್ಮಸಿದ್ಧಾಂತ ನೆನಪಾಗುವುದು ಸಹಜ. ಆದರೆ ಅದು ಇಲ್ಲಿ ಒಗ್ಗುವುದಿಲ್ಲ. ಈ ಜನ್ಮದ ಪಾಡಿಗೆ ಹಿಂದಿನ ಜನ್ಮದ ಆಯ್ಕೆಯನ್ನು ಹೊಣೆ ಮಾಡಿದರೆ ಅನ್ಯಾಯದ ಲೆಕ್ಕ ಹೇಗೋ ಸರಿಹೋಗುತ್ತದೆ. ಟೋಲ್ಕಿನ್ ಕ್ಯಾಥೊಲಿಕ್, ಅವರ ಜಗತ್ತಿನಲ್ಲಿ ಮನುಷ್ಯ ಲೋಕ ಬಿಟ್ಟು ಹೋದ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬುದು ಎಲ್ಫ್‌ಗಳಿಗೂ ಗೊತ್ತಿಲ್ಲ. ಲೆಕ್ಕ ಚುಕ್ತಾ ಮಾಡಲು ಇನ್ನೊಂದು ಜನ್ಮದ ಖಾತೆ ಸಿಗುವುದಿಲ್ಲ.

ಹಾಗಾಗಿ ‘ಸಿಲ್ಮರಿಲಿಯನ್’ನಲ್ಲಿ ಬರುವ ಮನುಷ್ಯಕುಲದ ನಿಯೆನೋರಳ ವಿಷಯದಲ್ಲಿ ನನ್ನ ವಾದ ಕುಂಟುತ್ತದೆ. ಅವಳ ಅಣ್ಣ ಟೂರಿನ್ ತನ್ನನ್ನು ವಿಧಿಯ ಒಡೆಯ ಎಂದು ಕರೆದುಕೊಂಡವನು; ದೇವತೆ ಉಲ್ಮೊ ಕಳಿಸಿದ ಎಚ್ಚರಿಕೆಯನ್ನು ಸೊಕ್ಕಿನಿಂದ ತಳ್ಳಿಹಾಕಿದವನು. ಮೆಲ್ಕೋರ್‌ನ ಶಾಪ ಅವನ ಮೇಲಿದ್ದರೂ ಅದಕ್ಕೆ ಬಾಗಿಲು ತೆರೆದದ್ದು ಅವನೇ ಎನ್ನಬಹುದು. ತಂಗಿಗೆ ಹಾಗೆ ಹೇಳುವುದು ಹೇಗೆ? ಡ್ರ್ಯಾಗನ್ ಅವಳ ನೆನಪನ್ನೇ ಅಳಿಸಿತು. ತಾನು ಯಾರೆಂದು ತಿಳಿಯದೆ ಅಣ್ಣನನ್ನೇ ಮದುವೆಯಾದಳು. ನೆನಪು ಮರಳಿದಾಗ ನದಿಗೆ ಹಾರಿದಳು. ಮೆಲ್ಕೋರ್ ತಂದ ಕಡುಚಳಿಯಿಂದಲೇ ಹಿಮದ ಸೊಬಗು ಹುಟ್ಟಿತೆಂದು ಇಲೂವತಾರ್ ಉಲ್ಮೊಗೆ ತೋರಿಸುತ್ತಾನೆ. ಹಿಮಕ್ಕೆ ನೋವಿಲ್ಲ, ಆದ್ದರಿಂದ ಆ ಉದಾಹರಣೆ ಸುಲಭ. ಅಪಸ್ವರವೂ ಕೊನೆಗೆ ಹಾಡಿಗೆ ಒದಗುತ್ತದೆ ಎಂಬ ಮಾತನ್ನು ನೊಂದವರ ಸಮಾಧಾನಕ್ಕೆಂದು ಎತ್ತಿ ಹೇಳುವ ವ್ಯಾಖ್ಯಾನಕಾರರು ಒಂದನ್ನು ಮರೆಯುತ್ತಾರೆ: ಇಲೂವತಾರ್ ಅದನ್ನು ಹೇಳಿದ್ದು ಮೆಲ್ಕೋರ್‌ನನ್ನು ಗದರಿಸುವಾಗ, ನಿಯೆನೋರಳಂಥವರನ್ನು ಸಂತೈಸುವಾಗ ಅಲ್ಲ.