ಮಕ್ಕಳಿಗೆ ಮಳೆಯ ಪಾಠ

ಆದಿಕಾಂಡ 8ನೇ ಅಧ್ಯಾಯ, 22ನೇ ವಚನ

ಬುಕ್ಕಸಾಗರದ ಭಾನುವಾರದ ಶಾಲೆಯಲ್ಲಿ ನಾನು ಚಿಕ್ಕ ಮಕ್ಕಳಿಗೆ ಹವೆಯು ಕೆಡುತ್ತಿರುವ ವಿಷಯವನ್ನು ಕಲಿಸತೊಡಗಿದಾಗ ಸಭೆಯ ಹಿರಿಯರೊಬ್ಬರು ನನ್ನನ್ನು ತಡೆದು, “ಅಯ್ಯನವರೇ, ಬಿತ್ತನೆಯೂ ಸುಗ್ಗಿಯೂ ತಪ್ಪಲಾರವೆಂದು ದೇವರು ನೋಹನಿಗೆ ಮಾತುಕೊಟ್ಟಿರುವಾಗ ಕೂಸುಗಳನ್ನು ಯಾಕೆ ಹೆದರಿಸುತ್ತೀರಿ?” ಎಂದರು.

ಈ ಪ್ರಶ್ನೆಯು ಹಗುರವಾದದ್ದಲ್ಲ. ಆದರೆ ತಂದೆಯು ಹೊಲವನ್ನು ಕೊಡುವೆನೆಂದು ಮಾತುಕೊಟ್ಟ ಮಾತ್ರಕ್ಕೆ ಮಗನು ಅದರ ಬದುವನ್ನು ಒಡೆಯಬಹುದೋ? ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಡುವದರಿಂದ ಹುಟ್ಟುವ ಇಂಗಾಲಾಮ್ಲ ವಾಯುವು ಭೂಮಿಗೆ ಕಂಬಳಿಯಂತಿದ್ದು, ಕಾವನ್ನು ಹೊರಗೆ ಹೋಗಗೊಡದು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಪೂರ್ವದಲ್ಲಿ ಸುಮಾರು 280 ಪಾಲಿದ್ದು, ಈಗ 420ನ್ನು ಮೀರಿದೆ. ಕಾದ ಗಾಳಿಯು ಹೆಚ್ಚು ನೀರನ್ನು ಹೊರುವದರಿಂದ ಮಳೆಯು ಬಂದರೆ ಒಮ್ಮೆಲೇ ಸುರಿಯುವದು, ಬಾರದಿದ್ದರೆ ನೆಲವು ಬೇಗನೆ ಒಣಗುವದು.

ಮಕ್ಕಳಿಗೆ ಈ ಲೆಕ್ಕಗಳು ಬೇಡ. ನಾನು ಅವರನ್ನು ಹೊಳೆಯ ದಡಕ್ಕೆ ಕರಕೊಂಡು ಹೋಗಿ, 2019ನೇ ಆಗಸ್ಟಿನಲ್ಲಿ ತುಂಗಭದ್ರೆಯು ಹಂಪೆಯ ಮಂಟಪಗಳನ್ನು ಮುಳುಗಿಸಿದ್ದನ್ನೂ, 2023ರಲ್ಲಿ ಮಳೆಯಿಲ್ಲದೆ ರಾಜ್ಯದ ಬಹು ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟದ್ದನ್ನೂ ಹೇಳಿ, ಮಿಕ್ಕದ್ದನ್ನು ಮನೆಯ ಅಜ್ಜಿಯರನ್ನು ಕೇಳಿರೆಂದೆನು. ಅವರು ನನಗಿಂತ ಚೆನ್ನಾಗಿ ಹೇಳಿದರು. ಒಬ್ಬ ಹುಡುಗನು 2024ನೇ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದನ್ನೂ ಇದಕ್ಕೆ ಸೇರಿಸಿದನು. ಅದು ಸರಪಳಿಯು ಕಡಿದು ಆದದ್ದು, ಆಕಾಶದ ಕೆಲಸವಲ್ಲ ಎಂದು ತಿದ್ದಿದೆನು. ಎಲ್ಲಾ ಕೇಡುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟರೆ ಮಕ್ಕಳು ನಾಳೆ ನಿಜವನ್ನೂ ನಂಬಲಾರರು.

ಆಗ ಒಬ್ಬ ಕೂಲಿಯವರ ಹುಡುಗಿಯು, “ನಮ್ಮ ಮನೆಯಲ್ಲಿ ಸೈಕಲ್ಲು ಸಹ ಇಲ್ಲ. ನಾವೇನು ಪಾಪ ಮಾಡಿದೆವು?” ಎಂದು ಅತ್ತಳು. ಪ್ರಿಯರೇ, ಕಲಿಸುವವರು ಇಲ್ಲಿ ಬಹಳವಾಗಿ ಎಚ್ಚರಪಡಬೇಕು. ಮಳೆ ತಪ್ಪಿದ ಒಂದು ವರುಷ, ನೀವು ಸರಿಯಾಗಿ ಪ್ರಾರ್ಥಿಸಲಿಲ್ಲವೆಂದು ನಾನೇ ಮಕ್ಕಳನ್ನು ಗದರಿಸಿದ್ದೆನು. ಅದು ಈ ದಿನದ ವರೆಗೂ ನನ್ನನ್ನು ಚುಚ್ಚುತ್ತದೆ. ಆದದರಿಂದ ಅವಳಿಗೆ, “ಇದು ನಿನ್ನ ಪಾಪವಲ್ಲ, ತಂಗೀ. ಬಹುಕಾಲದಿಂದ ಹೆಚ್ಚಾಗಿ ಸುಟ್ಟವರು ಐಶ್ವರ್ಯವಂತ ದೇಶದವರು. ಅದರ ಪೆಟ್ಟು ಬಡವರ ಮೇಲೆ ಮೊದಲು ಬೀಳುತ್ತದೆ. ಇದು ನ್ಯಾಯವಲ್ಲ,” ಎಂದು ಹೇಳಿದೆನು.

ಅವಳು ಕಣ್ಣೊರಸಿಕೊಂಡು, “ಹಾಗಾದರೆ ನಿಮ್ಮ ಮೋಟಾರು ಬೈಕು?” ಎಂದಳು.

ಆ ವಾರದಿಂದ ಕಂಪ್ಲಿಯ ಪ್ರಾರ್ಥನಾಕೂಟಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಎರಡು ಸಾರಿ ತಡವಾಯಿತು. ಅಲ್ಲಿಯ ಸಭೆಯವರು ಕ್ಷಮಿಸಬೇಕು.