ಸತ್ಯಾಣುವ್ರತವೂ ಸಾಕ್ಷಿಯ ಸಹಿಯೂ



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಾವೆಲ್ಲರೂ ದಶಲಕ್ಷಣ ಪರ್ವವನ್ನು ಆಚರಿಸುತ್ತೇವೆ. ಕೆಲವರು ಏಕಭುಕ್ತದಲ್ಲಿರುತ್ತಾರೆ, ಶಕ್ತಿಯುಳ್ಳವರು ನಿರಾಹಾರ ಉಪವಾಸ ಕೈಗೊಳ್ಳುತ್ತಾರೆ. ನಾಲಗೆಯ ರುಚಿಯನ್ನು ಗೆಲ್ಲುವುದು ಸಾಮಾನ್ಯವಲ್ಲ. ಆದರೆ ನಮ್ಮ ಕೈಯ ಬರಹವೂ ವ್ರತಕ್ಕೆ ಒಳಪಟ್ಟದ್ದೆಂಬುದನ್ನು ನಾವು ಎಷ್ಟು ಮಂದಿ ನೆನೆಯುತ್ತೇವೆ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಕೊಟ್ಟ ಪಟ್ಟಿ ಸ್ವಲ್ಪ ಭಿನ್ನವಾದರೂ ಕೂಟಲೇಖ ಅಲ್ಲಿಯೂ ಉಂಟು. ಒಬ್ಬನು ಹೇಳದ, ಮಾಡದ ಸಂಗತಿಯನ್ನು ಅವನೇ ಹೇಳಿದನೆಂದೂ ಮಾಡಿದನೆಂದೂ ವಂಚನೆಗಾಗಿ ಬರೆಯುವುದೇ ಕೂಟಲೇಖ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ಪರರ ಪ್ರೇರಣೆಗೆ ವಶನಾಗಿ ಬರೆಯುವುದೆಂಬ ಅಂಶವನ್ನೂ ಸೇರಿಸಿದ್ದಾರೆ. ‘ನಾನಾಗಿ ಮಾಡಲಿಲ್ಲ, ಅವರು ಕೇಳಿದ್ದಕ್ಕೆ ಬರೆದುಕೊಟ್ಟೆ’ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

ಸತ್ಯಘೋಷನ ಕಥೆ ನಿಮಗೆ ತಿಳಿದದ್ದೇ. ಸುಳ್ಳಾಡಿದರೆ ನಾಲಗೆಯನ್ನೇ ಕೊಯ್ದುಕೊಳ್ಳುವೆನೆಂದು ಆ ಪುರೋಹಿತನು ಜನಿವಾರಕ್ಕೆ ಕತ್ತಿಯೊಂದನ್ನು ಕಟ್ಟಿಕೊಂಡು ತಿರುಗುತ್ತಿದ್ದನು. ಜನರು ಕತ್ತಿಯನ್ನು ನೋಡಿ ನಂಬಿದರು. ವರ್ತಕನೊಬ್ಬನು ಐದು ರತ್ನಗಳನ್ನು ಅವನಲ್ಲಿ ನ್ಯಾಸವಿಟ್ಟು ದೇಶಾಂತರ ಹೋದನು. ಹಡಗೊಡೆದು ಬರಿಗೈಯಲ್ಲಿ ಮರಳಿದಾಗ ಸತ್ಯಘೋಷನು ಅವನನ್ನು ಹುಚ್ಚನೆಂದು ಹೊರದೂಡಿಸಿದನು. ಕೊನೆಗೆ ರಾಣಿಯ ಜಾಣ್ಮೆಯಿಂದ ರತ್ನಗಳು ಹೊರಬಂದವು.

ಇಂದು ನೋಟರಿಯ ಮುದ್ರೆಯನ್ನು ಕಂಡೊಡನೆ ಪತ್ರವೆಲ್ಲ ನಿಜವೆಂದು ನಂಬುವವರು ಅಂದು ಆ ಕತ್ತಿಯನ್ನು ನಂಬಿದವರಿಗಿಂತ ಬೇರೆಯಲ್ಲ. ಈ ಮಾತನ್ನು ಹೇಳಲು ನನಗೊಂದು ಕಾರಣವಿದೆ.

ನಾನು ಸೇವೆಯಲ್ಲಿದ್ದ ಕಾಲ. ಅಂದು ಉತ್ತಮ ಸತ್ಯಧರ್ಮದ ದಿನ, ನನಗೆ ಉಪವಾಸ. ಬಸದಿಯಿಂದ ಮನೆಗೆ ಬರುವಷ್ಟರಲ್ಲಿ ಪರಿಚಿತರೊಬ್ಬರು ಒಂದು ಪತ್ರ ಹಿಡಿದು ಕಾದಿದ್ದರು. ಊರಿನ ವೃದ್ಧ ವಿಧವೆಯೊಬ್ಬರು ತಮ್ಮ ಎರಡು ಎಕರೆ ಜಮೀನಿನ ವ್ಯವಹಾರಕ್ಕೆ ಕೊಟ್ಟ ಮುಖ್ತ್ಯಾರ ಪತ್ರವೆಂದರು. “ಅಜ್ಜಿ ಹೆಬ್ಬೆಟ್ಟು ಒತ್ತಿಯಾಗಿದೆ ಮೇಷ್ಟ್ರೇ. ನಿಮ್ಮ ಸಾಕ್ಷಿ ಒಂದಿದ್ದರೆ ನೋಟರಿಯವರು ಮರುಮಾತಾಡುವುದಿಲ್ಲ” ಎಂದರು. ಆ ತಾಯಿಯ ಮನೆ ಎರಡು ಬೀದಿಗಳಾಚೆ ಇತ್ತು. ನಾನು ಹೋಗಿ ಕೇಳಲಿಲ್ಲ. ಸಹಿ ಹಾಕಿದೆ.

ಎರಡು ವರ್ಷಗಳ ಮೇಲೆ ಆಕೆ ಬೆಳೆಸಾಲಕ್ಕಾಗಿ ಪಹಣಿ ತೆಗೆಸಿದಾಗ ಅದರಲ್ಲಿ ಬೇರೆಯವರ ಹೆಸರಿತ್ತು. ನಮ್ಮ ಜಗಲಿಯ ಮೇಲೆ ಕುಳಿತು ಒಂದೇ ಮಾತು ಕೇಳಿದರು: “ಮೇಷ್ಟ್ರೇ, ನಾನು ಹೆಬ್ಬೆಟ್ಟು ಒತ್ತಿದ್ದನ್ನು ನೀವು ನೋಡಿದಿರಾ?”

ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ ಆಲೋಚನೆ ಮಾಡಿಕೊಂಡೆ. ಅವರು ಉಪವಾಸಗಳನ್ನು ವಿಧಿಸಿದರು; ಆದರೆ ಮೊದಲು ನ್ಯಾಯಾಲಯಕ್ಕೆ ಹೋಗಿ ನಿಜ ಹೇಳಬೇಕೆಂದರು. ನನ್ನ ವಿದ್ಯಾರ್ಥಿಗಳೇ ವಕೀಲರಾಗಿದ್ದ ಸಭೆಯಲ್ಲಿ ನಿಂತು, ನೋಡದೆ ಸಹಿ ಹಾಕಿದೆನೆಂದು ಒಪ್ಪಿಕೊಂಡೆ. ದಾವೆ ಇತ್ಯರ್ಥವಾಗುವ ವೇಳೆಗೆ ಆ ತಾಯಿ ಬದುಕಿರಲಿಲ್ಲ. ಜಮೀನು ಮಗಳಿಗೆ ಬಂತು. ನನ್ನ ಉಪವಾಸದಿಂದ ಆಕೆಯ ಆ ವರ್ಷಗಳು ಮರಳಲಿಲ್ಲ.

ಅಜಾಗರೂಕತೆಯಿಂದ ವ್ರತ ಮಲಿನವಾದರೆ ಅತಿಚಾರ. ತಿಳಿದೂ ಮಾಡಿದರೆ ಅನಾಚಾರ, ಅಲ್ಲಿ ವ್ರತವೇ ಉಳಿಯದು. ಆದುದರಿಂದ ಈ ಕೆಲವು ನಿಯಮಗಳನ್ನು ವ್ರತದಂತೆಯೇ ಸ್ವೀಕರಿಸೋಣ.

ಮೊದಲನೆಯದು: ಬರೆದುಕೊಟ್ಟವರು ನಮ್ಮೆದುರಿಗೆ ಸಹಿ ಮಾಡದೆ, ಅಥವಾ ಅದು ತಮ್ಮದೇ ಸಹಿಯೆಂದು ನಮಗೆ ಸ್ವತಃ ಹೇಳದೆ, ಸಾಕ್ಷಿ ಹಾಕಬಾರದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಸಾಕ್ಷಿಗೆ ಇದೇ ಲಕ್ಷಣವನ್ನು ಹೇಳಿದೆ. ದಾನಪತ್ರಕ್ಕೂ ಮರಣಶಾಸನಕ್ಕೂ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕೆಂದು ಕಾನೂನು ವಿಧಿಸಿರುವುದು ಅಲಂಕಾರಕ್ಕಲ್ಲ.

ಎರಡನೆಯದು: ನೋಟರಿಯ ಮುದ್ರೆಯಿಂದ ಒಡೆತನ ಬಾರದು. ₹100 ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಬರಿಯ ಜಿ.ಪಿ.ಎ. ಮತ್ತು ಕರಾರು ಪತ್ರಗಳಿಂದ ಹಕ್ಕು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿದೆ. ನೋಟರಿಯವರು ತಮ್ಮ ಕಾರ್ಯಗಳನ್ನೆಲ್ಲ ದಾಖಲು ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವಿದೆ. ಸಂಶಯ ಬಂದರೆ ಪತ್ರದ ಮೇಲಿನ ಕ್ರಮಸಂಖ್ಯೆಯನ್ನು ಅದರೊಡನೆ ಹೋಲಿಸಿ ನೋಡಲು ಕೇಳಿರಿ.

ಮೂರನೆಯದು: ಕಾರ್ತಿಕ, ಫಾಲ್ಗುಣ, ಆಷಾಢಗಳಲ್ಲಿ ವರ್ಷಕ್ಕೆ ಮೂರು ಬಾರಿ ಅಷ್ಟಾಹ್ನಿಕ ಪರ್ವ ಬರುತ್ತದೆ. ಪ್ರತಿ ಪರ್ವದಲ್ಲಿಯೂ ಜಮೀನಿನ ಪಹಣಿಯನ್ನು, ಮನೆ-ನಿವೇಶನಗಳ ಖಾತೆಯನ್ನು, ಋಣಭಾರ ಪ್ರಮಾಣಪತ್ರವನ್ನು ತೆಗೆಸಿ ನೋಡುವ ಅಭ್ಯಾಸವಿರಲಿ. ಮಕ್ಕಳು ದೂರದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯರಿಗೆ ಈ ಕೆಲಸ ಮಾಡಿಕೊಡುವುದೂ ವೈಯಾವೃತ್ಯವೇ ಎಂದು ನನ್ನ ಭಾವನೆ. ನೋಂದಣಿಯಾಗದ ಕರಾರುಗಳು ಋಣಭಾರ ಪತ್ರದಲ್ಲಿ ಕಾಣುವುದಿಲ್ಲವಾದ್ದರಿಂದ, ಜಮೀನಿನಲ್ಲಿ ಯಾರು ಓಡಾಡುತ್ತಿದ್ದಾರೆಂದು ಕಣ್ಣಾರೆ ನೋಡುವುದೂ ಅವಶ್ಯ. ದಾಖಲೆಯ ಜೆರಾಕ್ಸ್ ಪ್ರತಿ ಕೊಡಬೇಕಾದಾಗ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿರೆಂದು ಅದರ ಮೇಲೆಯೇ ಬರೆಯಿರಿ.

ನಾಲ್ಕನೆಯದು: ಮೋಸ ಕಂಡುಬಂದರೆ ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿರಿ. ಕೂಡಲೇ ಪೊಲೀಸರಿಗೂ ಉಪನೋಂದಣಾಧಿಕಾರಿಗೂ ಲಿಖಿತವಾಗಿ ತಿಳಿಸಿ ವಕೀಲರನ್ನು ಕಾಣಿರಿ. ಪತ್ರವನ್ನು ರದ್ದುಪಡಿಸಿಕೊಳ್ಳುವ ದಾವೆಗೆ, ಸಂಗತಿ ತಿಳಿದಂದಿನಿಂದ ಮೂರು ವರ್ಷಗಳ ಅವಧಿಯುಂಟು. ಕ್ರಯಪತ್ರ, ಮರಣಶಾಸನಗಳಂಥವನ್ನು ಖೋಟಾ ಮಾಡಿದವರಿಗೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 338ನೆಯ ಕಲಮಿನಲ್ಲಿ ಜೀವಾವಧಿಯವರೆಗೂ ಶಿಕ್ಷೆಯುಂಟು.

ಪರಿಗ್ರಹವನ್ನು ಮಿತಗೊಳಿಸಬೇಕೆನ್ನುವ ನಾವು ಆಸ್ತಿರಕ್ಷಣೆಯ ಮಾತಾಡಬಹುದೇ ಎಂದು ಕೆಲವರು ಕೇಳಬಹುದು. ತನ್ನದನ್ನು ತಾನೇ ಬಿಡುವುದು ತ್ಯಾಗ. ಪರರದು ಕಳೆದುಹೋಗುವಂತೆ ಬಿಡುವುದು ಪ್ರಮಾದ. ಇವೆರಡನ್ನೂ ಒಂದೆಂದು ಎಣಿಸಬಾರದು.

ಈ ಬಾರಿಯ ಪರ್ವದಲ್ಲಿ ಉಪವಾಸದ ಸಂಕಲ್ಪ ಮಾಡುವಾಗ ಇನ್ನೊಂದನ್ನೂ ಸೇರಿಸಿಕೊಳ್ಳಿರಿ: ನೋಡದ್ದಕ್ಕೆ ಸಾಕ್ಷಿ ಹಾಕೆನು. ಯಾರಾದರೂ ಜಗಲಿಯ ಮೇಲೆ ಕುಳಿತು “ನೀವು ನೋಡಿದಿರಾ?” ಎಂದು ಕೇಳಿದರೆ, ತಲೆಯೆತ್ತಿ ಉತ್ತರಿಸುವ ಭಾಗ್ಯ ನಿಮ್ಮೆಲ್ಲರದಾಗಲಿ.