ಕಂಡ ಕಡಲನ್ನು ಬಚ್ಚಿಡಬಹುದೆ?

ಒಳ್ಳೆಯ ವಸ್ತುವೊಂದು ಕಣ್ಣಿಗೆ ಬಿದ್ದಾಗ ಅದನ್ನು ನಾಲ್ಕು ಜನಕ್ಕೆ ಹೇಳಬೇಕೆನ್ನುವುದು ಮನುಷ್ಯನ ಸಹಜ ಗುಣ. ದಾರಿಯಲ್ಲಿ ನವಿಲುಗರಿ ಸಿಕ್ಕಿದ ಹುಡುಗನು ತರಗತಿಗೆ ಬಂದು ಅದನ್ನು ಎತ್ತಿ ತೋರಿಸುವವರೆಗೆ ಸುಮ್ಮನೆ ಕುಳಿತಿರಲಾರ. ಆದರೆ ಅದೇ ಹುಡುಗನು ಗುಡ್ಡದ ಮರೆಯಲ್ಲಿ ಕಾಯಿ ತುಂಬಿದ ನೆಲ್ಲಿಮರವನ್ನು ಕಂಡುಕೊಂಡರೆ ಬಾಯಿ ಬಿಡುವುದಿಲ್ಲ. ಗರಿಯನ್ನು ನೂರು ಕಣ್ಣುಗಳು ನೋಡಿದರೂ ಅದು ಸವೆಯದು. ನೆಲ್ಲಿಕಾಯಿ ಹತ್ತು ಕೈಗಳಿಗೆ ಸಿಕ್ಕರೆ ಮುಗಿದುಹೋಗುವುದು. ಹಾಗಾದರೆ ಕಡಲ ತೀರವು ನವಿಲುಗರಿಯ ಜಾತಿಗೆ ಸೇರಿದುದೋ ನೆಲ್ಲಿಮರದ ಜಾತಿಗೆ ಸೇರಿದುದೋ? ಹಿಂದಿನ ಪೊಂಗಲ್ ರಜೆಯಲ್ಲಿ ನನಗೆ ಎದುರಾದ ಪ್ರಶ್ನೆ ಇದು. ಇದರ ಉತ್ತರವನ್ನು ಹುಡುಕುವಾಗ ನನ್ನ ಮನಸ್ಸಿನ ಒಂದು ಸಣ್ಣತನವೂ ನನಗೆ ಗೋಚರವಾಯಿತು. ಎರಡನ್ನೂ ವಾಚಕರ ಮುಂದಿಡುತ್ತೇನೆ.

ನಮ್ಮ ಕಿಣತ್ತುಕಡವು ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ದಾರಿಯಲ್ಲಿರುವ ಊರು. ತಮಿಳಿನಲ್ಲಿ ಕಿಣರು ಎಂದರೆ ಬಾವಿ. ಬಾವಿಯ ಹೆಸರನ್ನು ಹೊತ್ತ ಈ ಊರಿನ ಬಹುಮಂದಿ ಮಕ್ಕಳಿಗೆ ಸಮುದ್ರವೆಂಬುದು ಭೂಪಟದ ಅಂಚಿನಲ್ಲಿರುವ ನೀಲಿ ಬಣ್ಣ. ಆದರೂ ಸಮುದ್ರದ ಗಾಳಿಯನ್ನು ಅವರು ಬಲ್ಲರು. ಮಳೆಗಾಲ ಮೊದಲಾಯಿತೆಂದರೆ ನೀಲಗಿರಿಗೂ ಆನೆಮಲೆಗೂ ನಡುವಿನ ಪಾಲಕ್ಕಾಡು ಕಣಿವೆಯಿಂದ ನುಗ್ಗಿ ಬಂದು ನಮ್ಮ ತೆಂಗಿನ ಗರಿಗಳನ್ನು ಮೂಡಣಕ್ಕೆ ಬಾಗಿಸುವ ಗಾಳಿ ಅರಬ್ಬೀ ಸಮುದ್ರದ ಗಾಳಿಯೇ. "ಈ ಗಾಳಿಯ ತವರುಮನೆಯನ್ನು ನೋಡಿಬರೋಣ" ಎಂದು ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯ ಹದಿನಾಲ್ಕು ಮಕ್ಕಳನ್ನು, ಅವರ ಮನೆಯ ಮೂವರು ಹಿರಿಯರೊಡನೆ, ಕರೆದುಕೊಂಡು ಹೊರಟೆನು. ಮಂಗಳೂರಿನ ಕಡೆಗೆ ಹೋಗುವ ರೈಲಿನಲ್ಲಿ ಕುಳಿತು ಕಾಞಂಗಾಡಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಬೇಕಲವನ್ನು ಸೇರಿದೆವು.

ಬೇಕಲವು ಕನ್ನಡಿಗರಿಗೆ ಹೊಸ ಹೆಸರಲ್ಲ. ಅಲ್ಲಿನ ಕೋಟೆಯನ್ನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ. ಸುಮಾರು 40 ಎಕರೆಗಳಷ್ಟು ಹರಡಿದ ಈ ಕೋಟೆ ಮುಂದೆ ಹೈದರಾಲಿ ಟಿಪ್ಪೂಸುಲ್ತಾನರ ಕೈಸೇರಿ, ಬಳಿಕ ಇಂಗ್ಲಿಷರದಾಯಿತು. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ನೆಲವು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1995ರಲ್ಲಿ ಮಣಿರತ್ನಂ ಅವರ 'ಬಾಂಬೆ' ಚಿತ್ರದಲ್ಲಿ ಈ ಕೋಟೆಯೂ ಕಡಲೂ ಕಾಣಿಸಿಕೊಂಡವು. ಬೇಕಲವನ್ನು ಪ್ರವಾಸಸ್ಥಳವಾಗಿ ಬೆಳೆಸುವುದಕ್ಕೆಂದು ಸರಕಾರದ ನಿಗಮವೊಂದು ಸ್ಥಾಪಿತವಾದುದೂ ಅದೇ ವರ್ಷ. ಈಗ ಅಲ್ಲಿ ದೊಡ್ಡ ದೊಡ್ಡ ವಿಹಾರಗೃಹಗಳಿವೆ. ಕೋಟೆಯ ಪಕ್ಕದ ಮರಳಿನಲ್ಲಿ ರಜೆಯ ದಿನಗಳಲ್ಲಿ ಜಾತ್ರೆಯೇ ಸೇರುತ್ತದೆ. ನಮ್ಮ ಮಕ್ಕಳು ಆ ಜಾತ್ರೆಯಲ್ಲಿ ಸಮುದ್ರಕ್ಕಿಂತ ಹೆಚ್ಚಾಗಿ ಮನುಷ್ಯರ ಬೆನ್ನುಗಳನ್ನು ನೋಡಿದರು.

ಮಧ್ಯಾಹ್ನದ ಮೇಲೆ, ಬಸ್ಸಿನಲ್ಲಿ ಪರಿಚಯವಾದ ಒಬ್ಬ ಹಿರಿಯರು ಹೇಳಿದ ಗುರುತು ಹಿಡಿದು ಕಾಪಿಲ್ ಎಂಬ ಕಡೆಗೆ ಹೋದೆವು. ಕೋಟೆಯಿಂದ ಸುಮಾರು 6 ಕಿಲೋಮೀಟರು ದೂರ. ಪಕ್ಕದಲ್ಲಿ ಕೋಡಿ ಎಂಬ ಗುಡ್ಡ, ಅದರ ನೆತ್ತಿಯಿಂದ ಕಣ್ಣು ಹಾಯುವಷ್ಟು ದೂರವೂ ನೀರು. ಕೆಳಗೆ ಮರಳಿನ ಮೇಲೆ ಎಳೆದಿಟ್ಟ ಎರಡು ದೋಣಿಗಳು. ಬಲೆಯ ಹರಕನ್ನು ನೇಯುತ್ತಿದ್ದ ಒಬ್ಬ ವೃದ್ಧ. ತೆಂಗಿನ ನೆರಳಿನಲ್ಲಿ ಚಹ ಕಾಯಿಸುತ್ತಿದ್ದ ಒಬ್ಬ ತಾಯಿ. ಇಷ್ಟೇ ಜನ. ಮಕ್ಕಳು ಮೊದಲು ಮಾತನಾಡಲಿಲ್ಲ. ಅನಂತರ ಒಬ್ಬ ಹುಡುಗನು ಅಂಗೈಯಲ್ಲಿ ನೀರು ಮೊಗೆದು ನಾಲಗೆಗೆ ಮುಟ್ಟಿಸಿ, "ಪುಸ್ತಕದಲ್ಲಿ ಬರೆದದ್ದು ನಿಜ, ಉಪ್ಪಾಗಿದೆ" ಎಂದು ಕೂಗಿದನು. ಕಲಿತದ್ದು ನಿಜವೆಂದು ತಿಳಿದಾಗ ಆಗುವ ಆನಂದವನ್ನು ನಾನು ಅಂದು ಅವನ ಮುಖದಲ್ಲಿ ಕಂಡಂತೆ ಯಾವ ತರಗತಿಯಲ್ಲಿಯೂ ಕಂಡಿಲ್ಲ.

ಹೊರಡುವ ಹೊತ್ತಿಗೆ ಚಹದ ತಾಯಿ ಹೇಳಿದಳು: "ಮಾಷೇ, ನಿಮ್ಮ ಊರಿಗೆ ಹೋಗಿ ನಾಲ್ಕು ಜನಕ್ಕೆ ತಿಳಿಸಿ. ಜನ ಬಂದರೆ ನನ್ನ ಒಲೆ ದಿನವೂ ಉರಿಯುತ್ತದೆ." ಬಲೆಯ ಮೇಲಿನಿಂದ ತಲೆಯೆತ್ತದೆ ಆ ವೃದ್ಧನು ಹೇಳಿದನು: "ಬೇಡ ಮಾಷೇ, ಹೇಳಬೇಡಿ. ಜನ ಬಂದರೆ ನಮಗೆ ಬಲೆ ಹರಡಲು ಜಾಗ ಉಳಿಯುವುದಿಲ್ಲ. ಒಡೆದ ಸೀಸೆ ನಮ್ಮ ಕಾಲಿಗೆ ಚುಚ್ಚುತ್ತದೆ, ಬಂದವರ ಕಾಲಿಗಲ್ಲ." ಆ ಮಲಯಾಳದ ಮಾತುಗಳನ್ನು ಮಕ್ಕಳಿಗೆ ಬಿಡಿಸಿ ಹೇಳಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಮೇಷ್ಟ್ರೆ, ಇಬ್ಬರೂ ಬಡವರೇ, ಇಬ್ಬರೂ ಒಳ್ಳೆಯವರೇ. ನಾವು ಯಾರ ಮಾತನ್ನು ಕೇಳಬೇಕು?" ನನಗೆ ಉತ್ತರ ತೋಚಲಿಲ್ಲ. ರೈಲಿಗೆ ಹೊತ್ತಾಯಿತೆಂದು ಹೇಳಿ ತಪ್ಪಿಸಿಕೊಂಡೆನು.

ಊರಿಗೆ ಬಂದ ವಾರದಲ್ಲಿಯೇ ಪರೀಕ್ಷೆ ಬಂದಿತು. ನೆರೆಮನೆಯವರು ತಮ್ಮ ಸಂಸಾರದೊಡನೆ ಕಡಲು ನೋಡಲು ಹೊರಟಿದ್ದರು. ಎಲ್ಲಿ ಚೆನ್ನಾಗಿದೆಯೆಂದು ಕೇಳಿದರು. ನಾನು ಕೋಟೆಯ ಹೆಸರನ್ನು ಹೇಳಿದೆನು, ಕಾಪಿಲಿನ ಹೆಸರನ್ನು ನುಂಗಿಕೊಂಡೆನು. ಆ ವೃದ್ಧನ ಮಾತನ್ನು ನಡೆಸಿದೆನೆಂದು ಒಳಗೊಳಗೆ ಸಮಾಧಾನಪಟ್ಟುಕೊಂಡೆನು. ಆದರೆ ರಾತ್ರಿ ನಿದ್ದೆ ಬರುವ ಮುನ್ನ ಮನಸ್ಸು ಬೇರೆಯ ಲೆಕ್ಕವನ್ನು ಮುಂದಿಟ್ಟಿತು. ನಾನು ಕಾಪಾಡಿದುದು ವೃದ್ಧನ ಬಲೆಯನ್ನಲ್ಲ. ಮುಂದಿನ ರಜೆಗೆ ನಾನು ಒಬ್ಬನೇ ಹೋಗಿ ಕುಳಿತುಕೊಳ್ಳಬೇಕೆಂದಿದ್ದ ಆ ಏಕಾಂತವನ್ನು. ಧರ್ಮದ ಹೊದಿಕೆಯೊಳಗೆ ಅಡಗಿದ್ದುದು ಸ್ವಾರ್ಥ. ಯಾರೋ ಅಪರಿಚಿತರು ಗುರುತು ಹೇಳದೆ ಇದ್ದಿದ್ದರೆ ನನಗೇ ಆ ತೀರ ಸಿಕ್ಕುತ್ತಿರಲಿಲ್ಲವೆಂಬುದನ್ನು ಮರೆತಿದ್ದೆನು.

ಆದರೂ ಬಚ್ಚಿಡುವವರ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿದ್ವಾಂಸನು ಗೋಮಾಳದ ದೃಷ್ಟಾಂತವೊಂದನ್ನು ಕೊಟ್ಟನು. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ 'ನನ್ನದೊಂದು ಹಸು ಹೆಚ್ಚಾದರೆ ಏನು ನಷ್ಟ?' ಎಂದು ಇನ್ನೊಂದನ್ನು ಅಟ್ಟುತ್ತಾನೆ. ಲಾಭ ಅವನೊಬ್ಬನದು, ನಷ್ಟ ಎಲ್ಲರದು. ಕೊನೆಗೆ ಹುಲ್ಲೂ ಇಲ್ಲ, ಹಸುವೂ ಇಲ್ಲ. ತೀರದಲ್ಲಿಯೂ ಹೀಗೆಯೇ. ಒಬ್ಬನು ಎಸೆದ ಒಂದು ಪ್ಲಾಸ್ಟಿಕ್ ಚೀಲ ಅವನಿಗೆ ಏನೂ ಅಲ್ಲ. ಸಾವಿರ ಜನರ ಸಾವಿರ ಚೀಲಗಳು ತೀರವನ್ನೇ ಮುಚ್ಚುತ್ತವೆ. ಆದುದರಿಂದ ತಿಳಿದವರು ಮೌನವಾಗಿದ್ದರೆ ಸ್ಥಳವಾದರೂ ಉಳಿಯುವುದಲ್ಲವೆ ಎಂದು ಕೇಳುವುದು ಸಹಜ.

ಈ ಮಾತಿಗೆ ಉತ್ತರ ನನಗೆ ದೊರೆತುದು ಪಾಠ ಹೇಳುವಾಗ. ತಿರುವಾಂಕೂರಿನ ವೈಕಂ ಎಂಬಲ್ಲಿ ದೇವಾಲಯದ ಸುತ್ತಣ ರಸ್ತೆಗಳಲ್ಲಿ ಕೆಲವು ಜಾತಿಗಳವರು ನಡೆಯಕೂಡದೆಂಬ ನಿಷೇಧವಿದ್ದಿತು. ಅದರ ವಿರುದ್ಧ 1924ರ ಮಾರ್ಚ್ 30ರಂದು ಸತ್ಯಾಗ್ರಹ ಮೊದಲಾಯಿತು. ಅಲ್ಲಿಗೆ ಹೋಗಿ ಸೆರೆಮನೆ ಕಂಡವರಲ್ಲಿ ಈರೋಡಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಈ. ವೆ. ರಾಮಸ್ವಾಮಿಯವರೂ ಒಬ್ಬರು. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಅಂಬೇಡ್ಕರರು ಸಾವಿರಾರು ಜನರೊಡನೆ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆ ಕೆರೆಗೆ ಸಾರ್ವಜನಿಕವೆಂಬ ಹೆಸರು ಇದ್ದೇ ಇತ್ತು. ಹೆಸರಿಗೆ ಅರ್ಥ ಬಂದುದು ಅಂದು. ತಡೆದವರು ಆಡಿದ ಮಾತೇನು? 'ಎಲ್ಲರೂ ಬಂದರೆ ಮೈಲಿಗೆಯಾಗುತ್ತದೆ' ಎಂದು. ನಾನು ನೆರೆಮನೆಯವರ ಮುಂದೆ ಮನಸ್ಸಿನಲ್ಲಿ ಆಡಿಕೊಂಡ ಮಾತೇನು? 'ಎಲ್ಲರೂ ಬಂದರೆ ಕೆಡುತ್ತದೆ' ಎಂದು. ಎರಡು ಮಾತುಗಳೂ ಒಂದೇ ಎಂದು ನಾನು ಹೇಳುವುದಿಲ್ಲ. ಅಲ್ಲಿ ಮನುಷ್ಯನ ಹುಟ್ಟನ್ನೇ ಅವಮಾನಿಸಲಾಗಿತ್ತು. ಆದರೆ ಎರಡರ ದನಿಯಲ್ಲಿ ಒಂದು ಹೋಲಿಕೆ ಇದೆ. ಅದು ನನ್ನನ್ನು ನಾಚಿಸಿತು.

ಗುಟ್ಟೂ ಒಂದು ಬೇಲಿಯೇ. ಮುಳ್ಳಿನ ಬೇಲಿ ಕಣ್ಣಿಗೆ ಕಾಣುವುದರಿಂದ ಅದನ್ನು ಪ್ರಶ್ನಿಸಬಹುದು. ಗುಟ್ಟಿನ ಬೇಲಿ ಕಾಣುವುದೇ ಇಲ್ಲ. ಅದು ಯಾರನ್ನು ಹೊರಗಿಡುತ್ತದೆ? ಹಣವಂತನನ್ನಲ್ಲ, ಅವನಿಗೆ ವಿಹಾರಗೃಹದ ಕಿಟಕಿಯಿಂದಲೇ ಕಡಲು ಕಾಣುತ್ತದೆ. ಹೊರಗುಳಿಯುವವರು ತಿಳಿದವರ ನಂಟಿಲ್ಲದವರು, ವರ್ಷಕ್ಕೊಮ್ಮೆ ಮಕ್ಕಳ ಕೈಹಿಡಿದು ಬುತ್ತಿ ಕಟ್ಟಿಕೊಂಡು ಹೊರಡುವವರು. ನಡತೆಗೆ ಹಾಕುವ ಕಟ್ಟಳೆಯಾದರೋ ಹಾಗಲ್ಲ. 'ಕಸ ಚೆಲ್ಲಬೇಡ, ಬಲೆ ತುಳಿಯಬೇಡ' ಎಂಬ ಮಾತು ಬಡವ ಬಲ್ಲಿದರಿಗೆ ಒಂದೇ. ಒಬ್ಬನು ಯಾರು ಎಂಬುದನ್ನು ನೋಡಿ ತಡೆಯುವುದು ಅನ್ಯಾಯ. ಅವನು ಏನು ಮಾಡುತ್ತಾನೆ ಎಂಬುದನ್ನು ನೋಡಿ ತಡೆಯುವುದು ನ್ಯಾಯ.

ಸಮುದ್ರದ ದಡವು ಎಲ್ಲರಿಗೂ ಸೇರಿದುದೆಂಬ ಭಾವನೆ ಪ್ರಾಚೀನವಾದುದು. ಕ್ರಿ. ಶ. 533ರಲ್ಲಿ ಹೊರಬಂದ ಜಸ್ಟೀನಿಯನ್ ಚಕ್ರವರ್ತಿಯ ಧರ್ಮಶಾಸ್ತ್ರವು ಗಾಳಿ, ಹರಿಯುವ ನೀರು, ಸಮುದ್ರ, ಸಮುದ್ರದ ದಡ ಇವು ಪ್ರಕೃತಿಧರ್ಮದಂತೆ ಎಲ್ಲರವು ಎಂದು ಹೇಳಿತು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1996ರಲ್ಲಿ, ಇಂಥ ಸಂಪತ್ತಿಗೆ ಸರಕಾರವು ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ದೇವಸ್ಥಾನದ ಆಸ್ತಿಯನ್ನು ಧರ್ಮದರ್ಶಿಯು ತನ್ನದೆಂದು ತಿನ್ನಕೂಡದಷ್ಟೆ? ಹಾಗೆಯೇ. ಈ ಮಾತು ಸರಕಾರಕ್ಕೆ ಸಲ್ಲುವುದಾದರೆ ಬಂದುಹೋಗುವ ನಮಗೂ ಸಲ್ಲಬೇಕು.

ಎಲ್ಲರದು ಎಂದರೆ ಯಾರದೂ ಅಲ್ಲವೆಂದು ತಿಳಿಯುವುದರಿಂದಲೇ ಹಾರ್ಡಿನ್ನನ ಗೋಮಾಳ ಬರಡಾದುದು. ಆದರೆ ನಮ್ಮ ಹಿರಿಯರ ಕೆರೆಗಳು ಹಾಗೆ ಬರಡಾಗಲಿಲ್ಲ. ಕೆರೆಯ ನೀರು ಊರಿನದು. ಯಾರ ಗದ್ದೆಗೆ ಯಾವಾಗ ತೂಬು ತೆರೆಯಬೇಕೆಂಬುದನ್ನು ನೋಡಿಕೊಳ್ಳಲು ನೀರುಗಂಟಿಯಿದ್ದನು. ಹೂಳೆತ್ತುವುದಕ್ಕೆ ಊರೇ ಕೂಡುತ್ತಿತ್ತು. ಇಂತಹ ಏರ್ಪಾಡುಗಳನ್ನು ಹಲವು ದೇಶಗಳಲ್ಲಿ ಅಭ್ಯಾಸ ಮಾಡಿದ ಎಲಿನಾರ್ ಆಸ್ಟ್ರಂ ಎಂಬ ವಿದುಷಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಬಳಸುವವರೇ ಕೂಡಿ ಕಟ್ಟಳೆಯನ್ನು ಮಾಡಿಕೊಂಡು ಕಾಯ್ದುಕೊಂಡರೆ ಸಾಮಾನ್ಯ ಸ್ವತ್ತು ಉಳಿಯಬಲ್ಲುದೆಂದು ಅವರು ತೋರಿಸಿದರು. ನಮ್ಮ ಕರಾವಳಿಯಲ್ಲಿಯೇ ಪಡುಬಿದ್ರಿ, ಕಾಸರಕೋಡು ತೀರಗಳು 2020ರಲ್ಲಿ ಶುಚಿತ್ವ, ಸುರಕ್ಷತೆಗಳಿಗಾಗಿ 'ನೀಲಿ ಬಾವುಟ'ದ ಮನ್ನಣೆ ಪಡೆದುವು. ಜನ ಬರುವುದಕ್ಕೂ ತೀರ ಉಳಿಯುವುದಕ್ಕೂ ಹುಟ್ಟುವೈರವೇನೂ ಇಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ತೀರ ಎಲ್ಲರದಾದರೂ ಎಲ್ಲರಿಗೂ ಒಂದೇ ಬಗೆಯಲ್ಲಿ ಅಲ್ಲ. ನಮಗೆ ಅದು ಒಂದು ಸಂಜೆಯ ಸಂತೋಷ. ಆ ವೃದ್ಧನಿಗೆ ಅದು ಅನ್ನದ ಬಟ್ಟಲು. ನೆಂಟನಾಗಿ ಹೋದವನು ಜಗಲಿಯಲ್ಲಿ ಕುಳಿತುಕೊಳ್ಳುತ್ತಾನೆ, ಅಡುಗೆಮನೆಗೆ ನುಗ್ಗುವುದಿಲ್ಲ. ಬಲೆ ಹರಡುವ ಜಾಗ ಆ ಮನೆಯ ಅಡುಗೆಮನೆ. ಅದನ್ನು ಬಿಟ್ಟು ಕುಳಿತುಕೊಳ್ಳುವುದು ನಮ್ಮ ಔದಾರ್ಯವಲ್ಲ, ಅವನ ಹಕ್ಕು.

ಮುಂದಿನ ಭಾನುವಾರ ನಾನು ಆ ಹುಡುಗಿಗೆ ಉತ್ತರ ಹೇಳಿದೆನು: "ಇಬ್ಬರ ಮಾತನ್ನೂ ಕೇಳೋಣ. ತಾಯಿಯ ಮಾತಿನಂತೆ ಸ್ಥಳವನ್ನು ಹೇಳೋಣ. ಅಜ್ಜನ ಮಾತಿನಂತೆ ನಡತೆಯನ್ನೂ ಕೂಡಿಯೇ ಹೇಳೋಣ." ಅವಳು ಸ್ವಲ್ಪ ಯೋಚಿಸಿ, "ಕೇಳಿದವರು ಸ್ಥಳವನ್ನು ಮಾತ್ರ ನೆನಪಿಟ್ಟುಕೊಂಡು ನಡತೆಯನ್ನು ಮರೆತರೆ?" ಎಂದಳು. ಈ ಪ್ರಶ್ನೆಗೆ ಉತ್ತರ ಇಂದಿಗೂ ನನ್ನಲ್ಲಿ ಪೂರ್ಣವಾಗಿಲ್ಲ. ಆದರೆ ಉಪಾಧ್ಯಾಯ ಬಂಧುಗಳೇ, ನಾವು ದಿನವೂ ಮಾಡುತ್ತಿರುವುದು ಇದೇ ಅಪಾಯದ ಕೆಲಸವಲ್ಲವೆ? ಅಕ್ಷರವನ್ನು ಕಲಿಸುತ್ತೇವೆ, ಕಲಿತವನು ಅದರಿಂದ ಸುಳ್ಳುಪತ್ರವನ್ನೂ ಬರೆಯಬಹುದು. ಆ ಭಯದಿಂದ ಯಾರೂ ಅಕ್ಷರವನ್ನು ಬಚ್ಚಿಡುವುದಿಲ್ಲ. ಇನ್ನಷ್ಟು ಚೆನ್ನಾಗಿ ಕಲಿಸುತ್ತೇವೆ, ಅಷ್ಟೆ.

ನೆರೆಮನೆಯವರಲ್ಲಿಗೆ ಹೋಗಿ ಕಾಪಿಲಿನ ದಾರಿಯನ್ನು ಹೇಳಿ ಬಂದೆನು. ದೋಣಿಗಳಿಂದ ದೂರ ಕುಳಿತುಕೊಳ್ಳಿ, ತಂದುದನ್ನು ಹಿಂದಕ್ಕೆ ತನ್ನಿ, ಮಳೆಗಾಲದಲ್ಲಿ ನೀರಿಗಿಳಿಯಬೇಡಿ, ಆ ತಾಯಿಯ ಕೈಯಲ್ಲಿ ಚಹ ಕುಡಿಯಿರಿ ಎಂದೂ ಹೇಳಿದೆನು. ಈಗ ಇಲ್ಲಿಯೂ ಅದನ್ನೇ ಬರೆದಿದ್ದೇನೆ. ಇದನ್ನು ಓದಿ ಅಲ್ಲಿಗೆ ಹೋಗುವವರು ಆ ವೃದ್ಧನನ್ನು ಕಂಡರೆ ಬಲೆಯನ್ನು ತುಳಿಯದೆ ಸುತ್ತುಬಳಸಿ ನಡೆಯಿರಿ. ಹೇಳಬೇಡಿ ಎಂದ ಅವನ ಮಾತನ್ನು ನಾನು ಮೀರಿದ್ದೇನೆ. ನಾನು ಮೀರಿದುದು ಸರಿಯೋ ತಪ್ಪೋ ಎಂಬುದನ್ನು ಇನ್ನು ತೀರ್ಮಾನಿಸಬೇಕಾದುದು ನಿಮ್ಮ ಕಾಲುಗಳು.